ಲಕ್ಷ ಪರೀಕ್ಷಕರ ಊರು ಆ್ಯನ್ ಆರ್ಬರ್

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಮೋಟಾರು ಕಾರುಗಳ ನಗರ ಡೆಟ್ರಾಯಿಟ್‌ನಿಂದ ಪಶ್ಚಿಮಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ ಆ್ಯನ್ ಆರ್ಬರ್ ಎಂಬ ಊರಿದೆ. ಹ್ಯೂರಾನ್ ನದಿ ಹರಿಯುವ ಈ ಊರಿಗೆ ಮಿಷಿಗನ್ ವಿಶ್ವವಿದ್ಯಾಲಯವೇ ಜೀವಾಳ. 1817ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಈ ವಿದ್ಯಾಸಂಸ್ಥೆ 1837ರಲ್ಲಿ ಇಲ್ಲಿಗೆ ಬಂದು ನೆಲೆಸಿತು. 2020ರ ಜನಗಣತಿಯಂತೆ ಊರಿನ ಜನಸಂಖ್ಯೆ ಸುಮಾರು 1 ಲಕ್ಷ 24 ಸಾವಿರ. ಇಲ್ಲಿನ ಕ್ರೀಡಾಂಗಣದಲ್ಲಿರುವ ಆಸನಗಳಾದರೋ 1,07,601! ಇಡೀ ಊರನ್ನೇ ಎಬ್ಬಿಸಿ ತಂದು ಕೂರಿಸಿದರೂ ಸುಮಾರು ಹದಿನಾರು ಸಾವಿರ ಮಂದಿಯಷ್ಟೇ ಹೊರಗೆ ಉಳಿದಾರು.

1927ರಲ್ಲಿ ಆರಂಭವಾದ ಈ ಕ್ರೀಡಾಂಗಣವನ್ನು ಜನ ಪ್ರೀತಿಯಿಂದ 'ಬಿಗ್ ಹೌಸ್' ಎನ್ನುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದರ ನಿಜವಾದ ಗಾತ್ರ ತಿಳಿಯುವುದಿಲ್ಲ. ಏಕೆಂದರೆ ಅದರ ಬಹುಭಾಗ ನೆಲವನ್ನು ಅಗೆದು ಬೋಗುಣಿಯಂತೆ ಮಾಡಿದ ತಗ್ಗಿನಲ್ಲಿದೆ. ಬಾಗಿಲು ದಾಟಿ ಒಳಗೆ ಕಾಲಿಟ್ಟಾಗ ಮೈದಾನ ಕಾಲಬುಡದಲ್ಲಿ, ಆಳದಲ್ಲಿ ಕಾಣುತ್ತದೆ.

ಸೆಪ್ಟೆಂಬರ್ ಬಂತೆಂದರೆ ಇಲ್ಲಿನ ಶನಿವಾರಗಳಿಗೆ ಜಾತ್ರೆಯ ಕಳೆ. ಹತ್ತಿರದ ಗಾಲ್ಫ್ ಮೈದಾನದಲ್ಲಿ ಸಾಲುಸಾಲಾಗಿ ಕಾರುಗಳು ನಿಲ್ಲುತ್ತವೆ. ಕಾರಿನ ಹಿಂಬಾಗಿಲು ತೆರೆದು, ಪಕ್ಕದಲ್ಲೇ ಒಲೆ ಹೂಡಿ, ಅಡುಗೆ ಮಾಡಿಕೊಂಡು ಸಂಸಾರ ಸಮೇತ ಉಣ್ಣುವುದು ರೂಢಿ. ಎಲ್ಲರ ಮೈಮೇಲೂ ಜೋಳದ ಹಳದಿ ಇಲ್ಲವೇ ಕಡುನೀಲಿ ಬಟ್ಟೆ. ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಬಣ್ಣ ತೊಟ್ಟು ಬರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಈ ವರ್ಷ ನಮ್ಮ ಹುಡುಗರು ಹೇಗೆ?

ಇದು ನಾವು ಬಲ್ಲ ಕಾಲ್ಚೆಂಡಿನ ಆಟವಲ್ಲ. ಇಲ್ಲಿ ಚೆಂಡನ್ನು ಕೈಯಲ್ಲೇ ಹಿಡಿದು ಓಡುತ್ತಾರೆ, ಕೈಯಿಂದಲೇ ಎಸೆಯುತ್ತಾರೆ. ನೂರು ಗಜದ ಮೈದಾನದಲ್ಲಿ ಚೆಂಡು ಹೊಂದಿದ ತಂಡಕ್ಕೆ ನಾಲ್ಕು ಯತ್ನಗಳಿರುತ್ತವೆ. ಅಷ್ಟರಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ; ಇಲ್ಲವಾದರೆ ಚೆಂಡು ಎದುರಾಳಿಗೆ. ಹಾಗೆ ಸಾಗದಂತೆ ತಡೆಯುವ ಹನ್ನೊಂದು ಮಂದಿಯೇ ರಕ್ಷಣಾ ಪಡೆ. ನಮ್ಮ ಕಬಡ್ಡಿಯಲ್ಲಿ ನುಗ್ಗುವವನಷ್ಟೇ ಹಿಡಿಯುವವರೂ ಮುಖ್ಯರಲ್ಲವೇ? ಇಲ್ಲಿಯೂ ಹಾಗೆಯೇ.

ಈ ರಕ್ಷಣಾ ಪಡೆ 2020ರಲ್ಲಿ ಅಭಿಮಾನಿಗಳ ಮನಸ್ಸು ನೋಯಿಸಿತ್ತು. ಕೋವಿಡ್ ಕಾರಣದಿಂದ ಮೊಟಕಾದ ಆ ಋತುವಿನಲ್ಲಿ ಆಡಿದ್ದು ಆರೇ ಪಂದ್ಯ, ಗೆದ್ದದ್ದು ಎರಡು. ಆರು ಪಂದ್ಯಗಳಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟ ಅಂಕಗಳು 207. ವಿಸ್ಕಾನ್ಸಿನ್ ತಂಡವೊಂದೇ ಇದೇ ಮೈದಾನದಲ್ಲಿ 49 ಅಂಕ ಬಾಚಿಕೊಂಡಿತ್ತು. ಅದಕ್ಕೂ ಹಿಂದೆ, 2018 ಮತ್ತು 2019ರಲ್ಲಿ, ನೆರೆರಾಜ್ಯದ ಕಡುವೈರಿ ಒಹಾಯೊ ಸ್ಟೇಟ್ ತಂಡ ಕ್ರಮವಾಗಿ 62 ಮತ್ತು 56 ಅಂಕ ಗಳಿಸಿ ಗೆದ್ದ ಗಾಯ ಹಸಿಯಾಗಿಯೇ ಇತ್ತು.

2021ಕ್ಕೆ ಮುಖ್ಯ ತರಬೇತುದಾರ ಜಿಮ್ ಹಾರ್ಬಾ ರಕ್ಷಣೆಯ ಹೊಣೆಯನ್ನು ಹೊಸಬರಿಗೆ ವಹಿಸಿದರು. ವೃತ್ತಿಪರ ತಂಡವಾದ ಬಾಲ್ಟಿಮೋರ್ ರೇವನ್ಸ್‌ನಿಂದ ಬಂದ ಮೈಕ್ ಮೆಕ್‌ಡೊನಾಲ್ಡ್ ಆಗಿನ್ನೂ ಮೂವತ್ತರ ಹರೆಯದವರು. ಹಿಂದಿನ ಪದ್ಧತಿಯಲ್ಲಿ ಒಬ್ಬೊಬ್ಬ ಎದುರಾಳಿಯ ಬೆನ್ನಿಗೆ ಒಬ್ಬೊಬ್ಬ ಅಂಟಿಕೊಂಡು ಓಡುವುದೇ ಹೆಚ್ಚು. ವೇಗದ ಓಟಗಾರ ಒಮ್ಮೆ ತಪ್ಪಿಸಿಕೊಂಡರೆ ಮುಗಿಯಿತು. ಹೊಸ ಪದ್ಧತಿಯಲ್ಲಿ ಜಾಗವನ್ನು ಹಂಚಿಕೊಂಡು ಕಾಯುವುದು, ನಿಂತ ನಿಲುವಿನಿಂದ ಗುಟ್ಟು ಬಿಟ್ಟುಕೊಡದಿರುವುದು ಸೇರಿದವು. ಚೆಂಡು ಎಸೆಯುವ ಆಟಗಾರ ಯೋಚಿಸುತ್ತ ನಿಂತಷ್ಟೂ, ಅವನ ಮೇಲೆ ಎರಗುವವರಿಗೆ ಸಮಯ ಸಿಗುತ್ತದೆ.

ಸೆಪ್ಟೆಂಬರಿನ ನಾಲ್ಕು ಪಂದ್ಯಗಳೂ ತವರಿನಲ್ಲೇ ನಡೆದವು. ವೆಸ್ಟರ್ನ್ ಮಿಷಿಗನ್ 14, ವಾಷಿಂಗ್ಟನ್ 10, ನಾರ್ದರ್ನ್ ಇಲಿನಾಯ್ 10, ರಟ್ಗರ್ಸ್ 13 ಅಂಕ ಗಳಿಸಿ ಸೋತವು. ನಾಲ್ಕೂ ಸೇರಿ 47. ಹಿಂದಿನ ವರ್ಷ ಒಂದೇ ಪಂದ್ಯದಲ್ಲಿ ಕೊಟ್ಟದ್ದಕ್ಕಿಂತ ಎರಡು ಕಡಿಮೆ!

ಆದರೂ ಹಿರಿಯ ಅಭಿಮಾನಿಗಳು ಕುಣಿಯಲಿಲ್ಲ. 'ಎದುರಾಳಿ ಎಂಥವನು ನೋಡಿ' ಎಂಬುದು ಅವರ ವಾದ. ವಾಷಿಂಗ್ಟನ್ ತಂಡ ಅದರ ಹಿಂದಿನ ವಾರವಷ್ಟೇ ಕೆಳದರ್ಜೆಯ ಮೊಂಟಾನಾ ಎದುರು 7 ಅಂಕಕ್ಕೇ ಸೋತಿತ್ತು. ನಾರ್ದರ್ನ್ ಇಲಿನಾಯ್ 2020ರಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಸುಲಭ ಪ್ರಶ್ನೆಪತ್ರಿಕೆಯಲ್ಲಿ ನೂರಕ್ಕೆ ತೊಂಬತ್ತು ಬಂದರೆ ಹುಡುಗ ಜಾಣನೆಂದು ಹೇಗೆ ಹೇಳುವುದು?

ವಾದ ಸರಿಯೇ. ಆದರೆ ಪ್ರಶ್ನೆಪತ್ರಿಕೆ ಸುಲಭವಿತ್ತೋ ಕಠಿಣವಿತ್ತೋ ಎಂಬುದೂ ಆಗಲೇ ಗೊತ್ತಾಗುವುದಿಲ್ಲ. ಅದೇ ವೆಸ್ಟರ್ನ್ ಮಿಷಿಗನ್ ಎರಡು ವಾರಗಳ ನಂತರ ಪಿಟ್ಸ್‌ಬರ್ಗ್ ತಂಡವನ್ನು 44–41ರಿಂದ ಸೋಲಿಸಿತು. ಆ ಪಿಟ್ಸ್‌ಬರ್ಗ್ ಮುಂದೆ ತನ್ನ ವಲಯದ ಚಾಂಪಿಯನ್ ಆಯಿತು. ಹಿಂದಿನ ವರ್ಷ ಗೆಲುವೇ ಕಾಣದಿದ್ದ ನಾರ್ದರ್ನ್ ಇಲಿನಾಯ್ ಕೂಡ ತನ್ನ ವಲಯದ ಪ್ರಶಸ್ತಿ ಗೆದ್ದಿತು. ಸೆಪ್ಟೆಂಬರಿನ ಅಂಕಗಳ ಬೆಲೆ ಡಿಸೆಂಬರಿನಲ್ಲಿ ತಿಳಿಯಿತು!

ನಡುವೆ ಅನುಮಾನಗಳಿಗೂ ಕಾರಣ ಸಿಕ್ಕಿತು. ಅಕ್ಟೋಬರ್ 9ರಂದು ನೆಬ್ರಾಸ್ಕಾ 29 ಅಂಕ ಗಳಿಸಿತು. ಕೊನೆಯ ಗಳಿಗೆಯಲ್ಲಿ ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಂಡದ್ದರಿಂದಲೇ ಮಿಷಿಗನ್ ಗೆದ್ದಿತು. ಅಕ್ಟೋಬರ್ 30ರಂದು ಮಿಷಿಗನ್ ಸ್ಟೇಟ್ 37 ಅಂಕ ಗಳಿಸಿ ಸೋಲಿನ ರುಚಿ ತೋರಿಸಿತು.

ನವೆಂಬರ್ 27ರಂದು ಹಿಮ ಬೀಳುವ ಚಳಿಯಲ್ಲಿ ಒಹಾಯೊ ಸ್ಟೇಟ್ ಬಂದಿತು. ಬಿಗ್ ಹೌಸ್ ತುಂಬಿ ತುಳುಕುತ್ತಿತ್ತು. ಮಿಷಿಗನ್ 42–27ರಿಂದ ಗೆದ್ದಿತು. ಆ ತಂಡದ ವಿರುದ್ಧ 2011ರ ನಂತರದ ಮೊದಲ ಗೆಲುವದು. ಹಿಂದಿನ ವರ್ಷ ಗಾಯಗೊಂಡು ಹೊರಗುಳಿದಿದ್ದ ಏಡನ್ ಹಚಿನ್ಸನ್ ಅಂದು ಎದುರಾಳಿ ಎಸೆತಗಾರನನ್ನು ಮೂರು ಸಲ ನೆಲಕ್ಕೆ ಕೆಡವಿದ. ಇನ್ನೊಂದು ಅಂಚನ್ನು ಕಾಯುತ್ತಿದ್ದ ಡೇವಿಡ್ ಒಜಾಬೊ ನೈಜೀರಿಯಾದಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದವನು. ಅಮೆರಿಕದ ಹೈಸ್ಕೂಲಿಗೆ ಬಂದ ಮೇಲೆಯೇ ಈ ಆಟ ಕಲಿತವನು.

ಆ ದಿನದವರೆಗಿನ ಲೆಕ್ಕ ಸ್ವಾರಸ್ಯಕರ. ಹಿಂದಿನ ವರ್ಷ ಆರು ಪಂದ್ಯಗಳಲ್ಲಿ 207 ಅಂಕ ಬಿಟ್ಟುಕೊಟ್ಟ ತಂಡ, ಈ ಸಲ ಹನ್ನೆರಡು ಪಂದ್ಯಗಳಲ್ಲಿ ಕೊಟ್ಟದ್ದು 206. ಹೊರೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಆದರೂ ಡಿಸೆಂಬರ್ 31ರಂದು ಜಾರ್ಜಿಯಾ ತಂಡ 34–11ರಿಂದ ಸೋಲಿಸಿ, ಏರಬೇಕಾದ ಮೆಟ್ಟಿಲು ಇನ್ನೂ ಇದೆ ಎಂದು ತೋರಿಸಿತು.

ಈ ಲೆಕ್ಕದ ಪಕ್ಕದಲ್ಲಿ ಒಂದು ಕಹಿ ಟಿಪ್ಪಣಿಯನ್ನೂ ಬರೆಯಲೇಬೇಕು. 2021ರಿಂದ 2023ರವರೆಗೆ ತಂಡದ ಸಿಬ್ಬಂದಿಯೊಬ್ಬರು ಎದುರಾಳಿಗಳ ಸನ್ನೆಗಳನ್ನು ತಿಳಿಯಲು ಅವರ ಪಂದ್ಯಗಳಿಗೆ ನಿಯಮಬಾಹಿರವಾಗಿ ಜನರನ್ನು ಕಳುಹಿಸುತ್ತಿದ್ದರೆಂದು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ತೀರ್ಮಾನಿಸಿ, 2025ರ ಆಗಸ್ಟ್‌ನಲ್ಲಿ ದಂಡ ವಿಧಿಸಿತು. ಹುಡುಗರ ಬೆವರು ಸುಳ್ಳಲ್ಲ. ಆದರೆ ಗೆಲುವಿನ ಲೆಕ್ಕದಲ್ಲಿ ಅದರ ಪಾಲೆಷ್ಟು ಎಂಬ ಪ್ರಶ್ನೆ ಅವರ ಬೆನ್ನಿಗೂ ಅಂಟಿಕೊಂಡಿತು. ನಕಲಿನ ನಷ್ಟ ನಕಲು ಮಾಡದವನಿಗೂ ತಟ್ಟುತ್ತದೆ.

ಶಾಲೆಯ ಮೊದಲ ಕಿರುಪರೀಕ್ಷೆಯ ಅಂಕಪಟ್ಟಿ ಮನೆಗೆ ಬಂದಾಗ ಹಿಗ್ಗುವ, ಇಲ್ಲವೇ ಗದರುವ ತಂದೆತಾಯಿಯರು ಈ ಊರಿನ ಹಿರಿಯ ಅಭಿಮಾನಿಗಳನ್ನು ನೆನೆಯಬಹುದು. ಅವರು ಅಂಕಿಗಳನ್ನು ಕಡೆಗಣಿಸಲಿಲ್ಲ, ಅವನ್ನೇ ತೀರ್ಪೆಂದೂ ತಿಳಿಯಲಿಲ್ಲ. ಮುಂದಿನ ಶನಿವಾರ ಮತ್ತೆ ಬಂದು ಕುಳಿತು ನೋಡಿದರು.