ಎಮಿಟ್ಸ್‌ಬರ್ಗ್ ರಸ್ತೆಯ ಬೇಲಿ

ತಲೆ ಎತ್ತಬೇಡಿ. ಮುಖವನ್ನು ಹುಲ್ಲಿಗೆ ಒತ್ತಿ, ಬಾಯಿ ತೆರೆದೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕಿವಿ ಒಡೆದೀತು.

1863ರ ಜುಲೈ 3, ಮಧ್ಯಾಹ್ನ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ. ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಊರಾಚೆ, ಕಾಡಿನ ಅಂಚಿನಲ್ಲಿ ನೀವು ಬೋರಲು ಬಿದ್ದಿದ್ದೀರಿ. ಮೈಮೇಲೆ ದಕ್ಷಿಣದ ಸೇನೆಯ ವರ್ಜೀನಿಯಾ ಸಿಪಾಯಿಯ ಉಣ್ಣೆ ಅಂಗಿ, ಬೆವರಿಗೆ ನೆನೆದು ಬೆನ್ನಿಗೆ ಅಂಟಿದೆ. ಎದುರಿಗೆ ನಿಮ್ಮವರ ನೂರೈವತ್ತರಷ್ಟು ತೋಪುಗಳು ಗಂಟೆಗೂ ಮೀರಿ ಗುಡುಗುತ್ತಿವೆ. ಸುಟ್ಟ ಮದ್ದಿನ ಗಂಧಕದ ಘಾಟು ಗಂಟಲಿಗೆ ಇಳಿದಿದೆ. ಅತ್ತ ಕಡೆಯ ಗುಂಡೊಂದು ಮರದ ಕೊಂಬೆಗೆ ಬಡಿದು ಸಿಡಿಯುತ್ತದೆ. ಪಕ್ಕದವನು ಎರಡು ಸಲ ಕಾಲು ಝಾಡಿಸಿ ಸುಮ್ಮನಾಗುತ್ತಾನೆ. ಅವನನ್ನು ನೋಡಲೂ ನೀವು ಕತ್ತು ಹೊರಳಿಸುವುದಿಲ್ಲ.

ಯಾರ ಮೈಯೊಳಗೆ ಇದ್ದೀರೆಂದು ಮರೆಯಬೇಡಿ. ಹಿಂದೆ ಗಾಡಿಗಳ ಬಳಿ ಕುದುರೆ ಹಿಡಿದು ನಿಂತವರು, ನಿಮಗೆ ರೊಟ್ಟಿ ಸುಟ್ಟುಕೊಟ್ಟವರು ಗುಲಾಮರು. ಇಲ್ಲಿಗೆ ಬರುವ ದಾರಿಯಲ್ಲಿ ನಿಮ್ಮ ಸೇನೆ ಪೆನ್ಸಿಲ್ವೇನಿಯಾದ ಸ್ವತಂತ್ರ ಕರಿಯರನ್ನೂ ಹಿಡಿದು ದಕ್ಷಿಣಕ್ಕೆ ಅಟ್ಟಿದೆ. ನಿಮ್ಮ ನಾಡಿನ 90 ಲಕ್ಷ ಜನರಲ್ಲಿ ಸುಮಾರು 35 ಲಕ್ಷ ಮಂದಿ ಯಾರದೋ ಸ್ವತ್ತು. ಅವರ ದುಡಿಮೆಯೇ ಈ ಯುದ್ಧಕ್ಕೆ ಅನ್ನ ಹಾಕುತ್ತಿದೆ. ಆದರೆ ಜನವರಿಯಲ್ಲಿ ಉತ್ತರದ ಅಧ್ಯಕ್ಷ ಲಿಂಕನ್ ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದ ಮೇಲೆ, ಓಡಿಹೋದ ಒಬ್ಬೊಬ್ಬ ಗುಲಾಮನೂ ನಿಮ್ಮ ಹೊಲಕ್ಕೆ ಕಡಿಮೆಯಾದ ಆಳು, ಅತ್ತ ಕಡೆಗೆ ಹೆಚ್ಚಿದ ಬಂದೂಕು.

ನೆಲ ಮತ್ತೆ ನಡುಗುತ್ತದೆ. ನಿಮ್ಮ ತೋಪುಗಳ ಗುಂಡು ಎಲ್ಲಿ ಬೀಳುತ್ತಿದೆಯೆಂದು ಹೊಗೆಯಲ್ಲಿ ಯಾರಿಗೂ ಕಾಣದು. ಬಹಳಷ್ಟು ಗುಂಡುಗಳು ಎದುರಿನ ದಿಬ್ಬವನ್ನು ದಾಟಿ ಶತ್ರುವಿನ ಬೆನ್ನ ಹಿಂದೆ ಸಿಡಿಯುತ್ತಿವೆ. ಮಾರ್ಚ್‌ನಲ್ಲಿ ನಿಮ್ಮ ರಾಜಧಾನಿ ರಿಚ್ಮಂಡ್‌ನ ಮದ್ದಿನ ಕಾರ್ಖಾನೆ ಸ್ಫೋಟಗೊಂಡು ನಲವತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಹೆಂಗಸರು, ಹುಡುಗಿಯರು. ಆಮೇಲೆ ಬೇರೆ ಊರುಗಳಿಂದ ಬಂದ ತೋಪುಗುಂಡಿನ ಬತ್ತಿಗಳು ನಿಧಾನವಾಗಿ ಉರಿಯುತ್ತವೆ, ಗುಂಡು ತಡವಾಗಿ ಸಿಡಿಯುತ್ತದೆ. ಉತ್ತರದಲ್ಲಾದರೆ ಒಂದು ಕಾರ್ಖಾನೆ ಹೋದರೆ ಇನ್ನೊಂದಿದೆ: ದೇಶದ ತಯಾರಿಕೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅವರದು, ರೈಲುಹಾದಿ ನಿಮ್ಮ 9,000 ಮೈಲಿಗೆ ಅವರದು 22,000. ಹತ್ತಿಗಾಗಿ ಇಂಗ್ಲೆಂಡ್ ಓಡಿಬರುತ್ತದೆಂದು ನಿಮ್ಮ ದೊಡ್ಡವರು ನಂಬಿದ್ದರು. ಇಂಗ್ಲೆಂಡಿನ ವರ್ತಕರು ಈಜಿಪ್ಟಿನತ್ತ, ಭಾರತದತ್ತ ತಿರುಗಿದರು. ನಮ್ಮ ಧಾರವಾಡದ ಎರೆ ಹೊಲಗಳಲ್ಲಿ ಆಗಲೇ ಬೇರೂರಿದ್ದ ಅಮೆರಿಕನ್ ತಳಿಯ ಹತ್ತಿಗೆ ಕಂಡರಿಯದ ಬೆಲೆ ಬಂದದ್ದು ಇದೇ ವರ್ಷಗಳಲ್ಲಿ.

ಹಾಗಿದ್ದೂ ನೀವು ಎರಡು ವರ್ಷ ಸೋತಿಲ್ಲ. ಏಕೆಂದರೆ ಗೆಲ್ಲಲೇಬೇಕಾದ ಹೊರೆ ಉತ್ತರದ್ದು. ಏಳೂವರೆ ಲಕ್ಷ ಚದರ ಮೈಲಿಯ ನಾಡನ್ನು ಅವರು ಹೊಕ್ಕು, ತುಳಿದು, ಹಿಡಿದಿಟ್ಟುಕೊಳ್ಳಬೇಕು. ದಕ್ಷಿಣಕ್ಕೆ ಸೋಲದೆ ಉಳಿದರೆ ಸಾಕು. ಅವರ ಸೇನಾಪತಿಗಳೋ ಒಬ್ಬರಾದ ಮೇಲೊಬ್ಬರು ಕೆಳಗಿಳಿದಿದ್ದಾರೆ: ಮ್ಯಾಕ್‌ಕ್ಲೆಲನ್, ಪೋಪ್, ಬರ್ನ್‌ಸೈಡ್, ಹೂಕರ್. ಈಗಿನ ಮೀಡ್ ಅಧಿಕಾರ ವಹಿಸಿಕೊಂಡು ವಾರವೂ ಆಗಿಲ್ಲ. ನಿಮಗೆ ಇರುವ ಸೇನಾಪತಿ ಲೀ. ಅವನ ಮಾತನ್ನು ನೀವು ಅಳೆದು ನೋಡುವುದಿಲ್ಲ. ಆ ನಂಬಿಕೆಯಿಂದ ಎಷ್ಟೋ ಕದನ ಗೆದ್ದಿದ್ದೀರಿ. ಅದೇ ನಂಬಿಕೆ ನಿಮ್ಮನ್ನು ಇವತ್ತು ಪರನಾಡಿನ ಈ ಬಯಲಿನಂಚಿಗೆ ತಂದು ಮಲಗಿಸಿದೆ.

ಸದ್ದು ನಿಲ್ಲುತ್ತದೆ.

ಅತ್ತಲಿನ ತೋಪುಗಳು ಮೊದಲೇ ಮೌನವಾಗಿವೆ. ಹಾಳಾದವು ಅಂದುಕೊಳ್ಳುತ್ತಾರೆ ನಿಮ್ಮವರು. ಅಲ್ಲ. ಮುಂದೆ ಬರುವ ಕಾಲಾಳುಗಳಿಗೆಂದು ಉತ್ತರದ ತೋಪುಪಡೆಯ ಮುಖ್ಯಸ್ಥ ಹೆನ್ರಿ ಹಂಟ್ ಮದ್ದುಗುಂಡು ಉಳಿಸುತ್ತಿದ್ದಾನೆ. ಇತ್ತ ನಿಮ್ಮ ಪೆಟ್ಟಿಗೆಗಳು ಖಾಲಿಯಾಗುತ್ತಿವೆ. ಈ ದಾಳಿ ಬೇಡವೆಂದು ಲೀಯೊಂದಿಗೆ ವಾದಿಸಿ ಸೋತ ದಂಡನಾಯಕ ಲಾಂಗ್‌ಸ್ಟ್ರೀಟ್, ತನ್ನ ಕೈಕೆಳಗಿನ ಪಿಕೆಟ್ ಅಪ್ಪಣೆ ಕೇಳಿದಾಗ ಬಾಯಿ ಬಿಡಲಾರದೆ ತಲೆಯನ್ನಷ್ಟೇ ಆಡಿಸುತ್ತಾನೆ.

ಏಳಿ. ಮರಗಟ್ಟಿದ ಮೊಣಕಾಲು ಮೊದಲು ಮಾತು ಕೇಳುವುದಿಲ್ಲ. ನಿಮ್ಮ ದಳದ ನಾಯಕ ಆರ್ಮಿಸ್ಟೆಡ್ ಟೋಪಿಯನ್ನು ಕತ್ತಿಯ ತುದಿಗೆ ಸಿಕ್ಕಿಸಿ ಎತ್ತಿ ಹಿಡಿದಿದ್ದಾನೆ. ಕಾಡಿನಿಂದ ಹೊರಬೀಳುತ್ತಿದ್ದಂತೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಎಡಬಲಕ್ಕೆ ಸುಮಾರು 12,500 ಜನ, ಸಾಲು ಕೆಡದಂತೆ ನಡೆಯುತ್ತಿದ್ದಾರೆ. ಮುಕ್ಕಾಲು ಮೈಲಿ ಬಯಲು, ಮರೆಗೆ ಒಂದು ಮರವಿಲ್ಲ. ಓಡುವಂತಿಲ್ಲ, ಉಸಿರು ಕೊನೆಗೆ ಬೇಕು.

ತೋಪುಗಳು ಮತ್ತೆ ಬಾಯಿ ತೆರೆಯುತ್ತವೆ. ಸಾಲಿನಲ್ಲಿ ಕಂಡಿ ಬೀಳುತ್ತದೆ. ನಡುವಿಗೆ ಸರಿಯಿರಿ ಎಂಬ ಕೂಗು. ಸರಿಯುತ್ತೀರಿ. ಕಾಲಡಿಯಲ್ಲಿ ಮೆತ್ತಗಿನದೇನೋ. ಮತ್ತೆ ಕಂಡಿ, ಮತ್ತೆ ಕೂಗು.

ಎಮಿಟ್ಸ್‌ಬರ್ಗ್ ರಸ್ತೆ. ಅದರ ಎರಡೂ ಬದಿಗೆ ಗಟ್ಟಿ ಮರದ ಬೇಲಿ. ಮೊದಲನೆಯದನ್ನು ಹತ್ತಿ ಹಾರುವಾಗ ಗುಂಡುಗಳು ಹಲಗೆಗೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಬಡಿಯುತ್ತವೆ. ರಸ್ತೆಗೆ ಬೀಳುತ್ತೀರಿ. ಇಲ್ಲಿ ತುಸು ತಗ್ಗಿದೆ. ಹಲವರು ಮಲಗಿಬಿಟ್ಟಿದ್ದಾರೆ, ಏಳುವುದಿಲ್ಲ. ನೀವೂ ಮಲಗಬಹುದು. ಯಾರೂ ಗಮನಿಸುವುದಿಲ್ಲ. ಬಾಯೊಳಗೆ ಧೂಳು, ತೋಟಾ ಕಚ್ಚಿದ ಮದ್ದಿನ ಉಪ್ಪು. ಎರಡನೇ ಬೇಲಿಯ ಆಚೆ ಕಲ್ಲುಗೋಡೆ, ಅದರ ಹಿಂದೆ ನೀಲಿ ಅಂಗಿಗಳು. ಅವರು ಒಂದು ಹೆಸರನ್ನು ಕೂಗುತ್ತಿದ್ದಾರೆ: ಫ್ರೆಡರಿಕ್ಸ್‌ಬರ್ಗ್! ಕಳೆದ ಡಿಸೆಂಬರ್‌ನಲ್ಲಿ ಅಲ್ಲಿ ಕಲ್ಲುಗೋಡೆಯ ಹಿಂದೆ ನಿಂತವರು ನಿಮ್ಮವರು, ಬಯಲಿನಲ್ಲಿ ಬಂದು ಸತ್ತವರು ಅವರು.

ಮಲಗುವಿರೋ, ಹತ್ತುವಿರೋ?

ಹತ್ತುತ್ತೀರಿ. ಡಬ್ಬಿಯಲ್ಲಿ ತುಂಬಿದ ಕಬ್ಬಿಣದ ಚರೆ ಮುಖಕ್ಕೆ ಎರಚಿದಂತೆ ಬರುತ್ತದೆ. ಮುಂದಿದ್ದವನು ಇಲ್ಲ. ಬಾವುಟ ಹಿಡಿದವನು ಇಲ್ಲ, ಇನ್ನೊಬ್ಬ ಹಿಡಿದ, ಅವನೂ ಇಲ್ಲ. ಗೋಡೆ! ಆರ್ಮಿಸ್ಟೆಡ್ ದಾಟಿದ. ಅವನ ಹಿಂದೆ ಇನ್ನೂರೋ ಮುನ್ನೂರೋ ಮಂದಿ. ಬಂದೂಕಿನ ಹಿಡಿ, ಮುಷ್ಟಿ, ಹಲ್ಲು. ಆರ್ಮಿಸ್ಟೆಡ್ ಒಂದು ತೋಪಿನ ಮೇಲೆ ಕೈಯಿಟ್ಟ, ಬಿದ್ದ. ಹಿಂದಿರುಗಿ ನೋಡುತ್ತೀರಿ. ನೆರವಿಗೆ ಬರುವವರು ಯಾರೂ ಇಲ್ಲ. ಎದುರಿನಿಂದ ಮಾತ್ರ ನೀಲಿ ಅಂಗಿಗಳು ಬರುತ್ತಲೇ ಇವೆ.

ಶರಣಾದರೆ ಸೆರೆ. ಹಿಂದಿರುಗಿದರೆ ಅದೇ ಮುಕ್ಕಾಲು ಮೈಲಿ, ಈ ಸಲ ಬೆನ್ನು ತೋರಿಸಿ.

ಬದುಕಿ ಬಂದವರೆದುರು ಲೀ ಕುದುರೆಯ ಮೇಲೆ ಬಂದು, ತಪ್ಪು ತನ್ನದೇ ಎನ್ನುತ್ತಾನೆ. ನಿಜ, ಅವನದೇ. ತನ್ನ ನೆಲದಲ್ಲಿ ಗೋಡೆಯ ಹಿಂದೆ ನಿಲ್ಲುವುದೇ ದಕ್ಷಿಣದ ದೊಡ್ಡ ಬಲವಾಗಿತ್ತು. ಅದನ್ನು ಅವನು ಒಂದು ಗಂಟೆಯಲ್ಲಿ ಶತ್ರುವಿನ ಕೈಗೆ ಕೊಟ್ಟ. ಬಯಲಿಗೆ ಇಳಿದವರಲ್ಲಿ ಅರ್ಧದಷ್ಟು ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಉತ್ತರ ಮರುವರ್ಷವೂ ಜನರನ್ನು ತಂದಿತು. ದಕ್ಷಿಣದ ಬಳಿ ತರಲು ಜನರಿರಲಿಲ್ಲ. ಇದ್ದ ಲಕ್ಷಾಂತರ ಗುಲಾಮರ ಕೈಗೆ ಬಂದೂಕು ಕೊಡಲು, ಎಲ್ಲವೂ ಮುಗಿಯುತ್ತಿದ್ದ 1865ರ ಮಾರ್ಚ್‌ವರೆಗೂ ಅದರ ಶಾಸನಸಭೆಗೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಉತ್ತರದ ಸೇನೆಗೆ ಸುಮಾರು 1,80,000 ಕರಿಯರು ಸೇರಿದ್ದರು. ಏಪ್ರಿಲ್ 3ರಂದು ರಿಚ್ಮಂಡ್ ಬಿದ್ದಾಗ ಮೊದಲು ಒಳಹೊಕ್ಕ ಪಡೆಗಳಲ್ಲಿ ಅವರ ದಳಗಳೂ ಇದ್ದವು.