ಹಿಂದಿರುಗುವ ತಂತಿ

ವಿಮಾನವೆಂದರೆ ದೊಡ್ಡ ಕಾರ್ಖಾನೆಯಲ್ಲಿ ನೂರಾರು ಎಂಜಿನಿಯರುಗಳು ಸೇರಿ ಕಟ್ಟತಕ್ಕ ವಸ್ತುವೆಂಬುದು ನಮ್ಮೆಲ್ಲರ ನಂಬಿಕೆ. ಆದರೆ ಅಮೆರಿಕದಲ್ಲಿ ಮನೆಯ ಷೆಡ್ಡಿನಲ್ಲೇ, ಬಿಡುವಿನ ವೇಳೆಯಲ್ಲಿ, ಸ್ವಂತ ಕೈಯಿಂದ ವಿಮಾನ ಕಟ್ಟಿ ಹಾರಿಸುವ ಗೃಹಸ್ಥರು ಸಾವಿರಾರು ಮಂದಿ ಇದ್ದಾರೆ. ಕ್ಯಾಲಿಫೋರ್ನಿಯದ ಮೊಜಾವೆಯಲ್ಲಿ ಬರ್ಟ್ ರುಟಾನ್ ಎಂಬ ವಿನ್ಯಾಸಕಾರ ರೂಪಿಸಿದ ‘ಲಾಂಗ್-ಈಜಿ’ ಎಂಬ ವಿಮಾನ 1979ರಲ್ಲಿ ಮೊದಲು ಹಾರಿತು. ಅದರ ನಕ್ಷೆಗಳನ್ನು ಕೊಂಡು ಅನೇಕರು ತಮ್ಮ ತಮ್ಮ ಮನೆಗಳಲ್ಲಿ ಅದನ್ನು ಕಟ್ಟಿದರು. ಥರ್ಮೋಕೋಲಿನಂತಹ ಹಗುರವಾದ ಫೋಮನ್ನು ಬೇಕಾದ ಆಕಾರಕ್ಕೆ ಕೊಯ್ದು, ಮೇಲೆ ಗಾಜಿನೆಳೆಯ ಬಟ್ಟೆ ಹಾಸಿ, ಎಪಾಕ್ಸಿ ಅಂಟು ತೊಡೆದು ಗಟ್ಟಿಯಾಗಲು ಬಿಟ್ಟರೆ ಅದೇ ರೆಕ್ಕೆ, ಅದೇ ಒಡಲು! ಸೋಜಿಗವಲ್ಲವೇ?

ಬಿ.ಎ. ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ಓದುಗರು ಕೇಳಬಹುದು. ನಮ್ಮ ತಂದೆಯವರು ಪೇಟೆಯಲ್ಲಿ ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ರಿಪೇರಿ ಮಾಡುವವರು. ಓದಿದ್ದು ನಾಲ್ಕನೆಯ ತರಗತಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾನು ಓದುವ ಚರಿತ್ರೆ, ಅರ್ಥಶಾಸ್ತ್ರಗಳನ್ನು ಅವರಿಗೆ ಹೇಗೆ ಹೇಳಬೇಕೋ ನನಗೆ ತಿಳಿಯುತ್ತಿರಲಿಲ್ಲ. ಕೇಳಲು ಅವರಿಗೂ ಸಂಕೋಚ. ಹೀಗಾಗಿ ರಜೆಗೆ ಹೋದಾಗ ನಮ್ಮ ಮಾತು ಊಟ, ಫೀಸುಗಳಲ್ಲೇ ಮುಗಿದುಹೋಗುತ್ತಿತ್ತು. ಕಳೆದ ದಸರಾ ರಜೆಯಲ್ಲಿ ಈ ವಿಮಾನದ ಚಿತ್ರವನ್ನು ಬರೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಅಲ್ಲ ಕಣ್ ಮಗಾ, ಬಾಡಿಯೆಲ್ಲಾ ಗಾಜು ಅಂತೀಯ. ಅಂಗಾದ್ರೆ ಅರ್ತ್ ಎಲ್ಲಿ ಕೊಡ್ತಾರೆ?” ಎಂದರು.

ಇಡೀ ವಿಷಯದ ಮರ್ಮ ಆ ಒಂದು ಪ್ರಶ್ನೆಯಲ್ಲೇ ಇದೆ. ಲಾರಿಯಲ್ಲಿ ಬ್ಯಾಟರಿಯ ಒಂದು ತುದಿಯನ್ನು ಚಾಸಿಗೇ ಬಿಗಿದಿರುತ್ತಾರೆ. ದೀಪಕ್ಕೆ ಒಂದೇ ತಂತಿ ಎಳೆದರೆ ಸಾಕು. ವಿದ್ಯುತ್ತು ಕಬ್ಬಿಣದ ಮೂಲಕವೇ ಬ್ಯಾಟರಿಗೆ ಹಿಂದಿರುಗುತ್ತದೆ. ಅಲ್ಯುಮಿನಿಯಮ್ಮಿನ ವಿಮಾನದಲ್ಲೂ ಒಡಲೇ ಆ ದಾರಿಯಾಗಬಲ್ಲದು. ಗಾಜಿನೆಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆದ್ದರಿಂದ ಪ್ರತಿಯೊಂದು ದೀಪಕ್ಕೂ ಪ್ರತಿಯೊಂದು ಉಪಕರಣಕ್ಕೂ ಹೋಗುವ ತಂತಿಯಂತೆ ಹಿಂದಿರುಗುವ ತಂತಿಯನ್ನೂ ಹಾಕಲೇಬೇಕು. ಹಾಗೆ ಹಿಂದಿರುಗುವ ತಂತಿಗಳನ್ನೆಲ್ಲ ಒಂದೇ ಕಡೆ ಸೇರಿಸುವುದು ಲೇಸು. ಕಂಡಕಂಡಲ್ಲಿ ಸೇರಿಸಿದರೆ ರೇಡಿಯೋದಲ್ಲಿ ಗೊರಗೊರ ಸದ್ದು ಹುಟ್ಟೀತು.

ಇನ್ನು ಬ್ಯಾಟರಿಯ ಸ್ಥಳ. ಲಾಂಗ್-ಈಜಿಯ ಎಂಜಿನ್ ಇರುವುದು ಹಿಂಭಾಗದಲ್ಲಿ. ತೂಕ ಸರಿದೂಗಲೆಂದು ಬ್ಯಾಟರಿಯನ್ನು ಮೂತಿಯಲ್ಲಿ ಇಡುವುದುಂಟು. ಆಗ ಸ್ಟಾರ್ಟರಿಗೆ ಕೇಬಲ್ ಹೋಗಿ ಬರಲು 8 ಮೀಟರು ಬೇಕೆಂದಿಟ್ಟುಕೊಳ್ಳೋಣ. ಸ್ಟಾರ್ಟರು 200 ಆಂಪಿಯರ್ ಎಳೆಯುವಾಗ, 33 ಚದರ ಮಿಲಿಮೀಟರ್ ದಪ್ಪದ ತಾಮ್ರದ ಕೇಬಲಿನಲ್ಲಿ ಸುಮಾರು 0.8 ವೋಲ್ಟ್ ಮಾತ್ರ ದಾರಿಯಲ್ಲಿ ನಷ್ಟವಾಗುತ್ತದೆ. ತೂಕ ಉಳಿಸಲೆಂದು ಅದರ ಕಾಲುಭಾಗದ ಕೇಬಲ್ ಹಾಕಿದರೆ 12 ವೋಲ್ಟಿನಲ್ಲಿ 3 ವೋಲ್ಟಿಗೂ ಹೆಚ್ಚು ಹೋಗಿಬಿಡುತ್ತದೆ. ದಪ್ಪ ಕೇಬಲಿನಲ್ಲಿ ತಾಮ್ರವೇ 2 ಕಿಲೋಗ್ರಾಮಿಗೂ ಹೆಚ್ಚು. ವಿಮಾನಕ್ಕೆ ಅದೂ ಒಂದು ಹೊರೆಯೇ. ಇದನ್ನು ಲೆಕ್ಕಹಾಕಿ ತೋರಿಸಿದಾಗ ತಂದೆಯವರು ನಕ್ಕು, “ತೆಳು ವೈರ್ ಎಳುದ್ರೆ ಪಂಪ್‌ಸೆಟ್ ಮೋಟ್ರು ಗೊಣಗಲ್ವಾ, ಅದೇಯ” ಎಂದರು. ಅವರಿಗೆ ಕಿವಿಯಿಂದ ತಿಳಿದದ್ದು ನನಗೆ ಕಾಗದದ ಮೇಲೆ ತಿಳಿಯಿತು.

ಫ್ಯೂಸಿನ ವಿಚಾರದಲ್ಲಿ ಅವರೇ ನನಗೆ ಗುರುಗಳಾದರು. ಫ್ಯೂಸು ಇರುವುದು ಮುಖ್ಯವಾಗಿ ತಂತಿಯನ್ನು ಕಾಯಲು. ಆದುದರಿಂದ ಅದು ವಿದ್ಯುತ್ತು ಹೊರಡುವ ಕಡೆಗೇ ಇರಬೇಕು. ಬ್ಯಾಟರಿಯ ಸಂಬಂಧವನ್ನೇ ಕಡಿಯುವ ಮುಖ್ಯ ಸಂಪರ್ಕವೂ ಹಾಗೆಯೇ ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ಹೊಗೆ ಕಂಡರೆ ಲಾರಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಬಹುದು; ಆಕಾಶದಲ್ಲಿ ಪಕ್ಕವೆಲ್ಲಿ? ಮ್ಯಾಗ್ನೆಟೊ ಇರುವ ಎಂಜಿನ್ ಬ್ಯಾಟರಿ ಸತ್ತರೂ ಓಡುತ್ತದೆ. ಬ್ಯಾಟರಿಯನ್ನೇ ನಂಬಿದ ಎಲೆಕ್ಟ್ರಾನಿಕ್ ಕಿಡಿಯ ವ್ಯವಸ್ಥೆಯಾದರೆ ಎರಡನೆಯ ಆಸರೆಯೊಂದನ್ನು ಮೊದಲೇ ಯೋಚಿಸಿರಬೇಕು.

‘ಮೊದಲೇ’ ಎಂಬ ಮಾತೇ ಇಲ್ಲಿ ಮುಖ್ಯ. ರೆಕ್ಕೆಯ ತುದಿಯ ದೀಪಕ್ಕೆ ತಂತಿ ಹೋಗುವ ಕೊಳವೆಯನ್ನಾಗಲಿ, ಒಳಗೆ ಅಡಗಿಸಿಡುವ ತಾಮ್ರಪಟ್ಟಿಯ ಆಂಟೆನಾವನ್ನಾಗಲಿ ಗಾಜಿನ ಬಟ್ಟೆ ಮುಚ್ಚುವ ಮೊದಲೇ ಹುದುಗಿಸಬೇಕು. ಅಂಟು ಗಟ್ಟಿಯಾದ ಮೇಲೆ ನೆನಪಾದರೆ ಗಟ್ಟಿಮುಟ್ಟಾದ ರೆಕ್ಕೆಯನ್ನೇ ಕೊರೆಯಬೇಕಾದೀತು.

ಓದಿದ ಮನೆತನದ ಗೆಳೆಯರಿಗೆ ಕಲಿತದ್ದು ಮನೆಗೆ ಹಿಂದಿರುಗುವ ದಾರಿ ಹುಟ್ಟಿನಿಂದಲೇ ಇರುತ್ತದೆ; ಅವರ ಮನೆಯ ಊಟದ ಮಾತೇ ಅದು. ನಮ್ಮಂಥವರು ಆ ತಂತಿಯನ್ನು ಕೈಯಾರೆ ಎಳೆಯಬೇಕು. ಅದು ಕೊರತೆಯೆಂದು ನಾನು ಭಾವಿಸುವುದಿಲ್ಲ. ಎಳೆದವನಿಗೆ ಪ್ರತಿಯೊಂದು ತಂತಿಯೂ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಗೊತ್ತಿರುತ್ತದೆ. ಈ ವರ್ಷ ಪದವಿ ಪಡೆದು ಹೊರಡುವ ನನ್ನಂಥ ಮಿತ್ರರಲ್ಲಿ ನನ್ನದೊಂದೇ ಬಿನ್ನಹ: ದೂರದ ಊರಿನ ಕೆಲಸ ನಮ್ಮ ಬದುಕನ್ನು ಮುಚ್ಚಿ ಗಟ್ಟಿಮಾಡುವ ಮೊದಲೇ ಆ ಒಂದು ತಂತಿಯನ್ನು ಎಳೆದಿಡೋಣ.