ನೀರಿನ ಅಂಚು

ವರ್ಗಾವಣೆಯ ಆಜ್ಞೆ ಕೈಗೆ ಬಂದೊಡನೆ ಗುಮಾಸ್ತರಾದವರು ಮೊದಲು ಚಿಂತಿಸುವುದು ಬಾಡಿಗೆಯ ಮನೆಯನ್ನು ಕುರಿತು. ಆಮೇಲೆ ಮಕ್ಕಳ ಶಾಲೆಯನ್ನು ಕುರಿತು. 2018ರಲ್ಲಿ ಮಂಗಳೂರಿನಿಂದ ಹಿರಿಯೂರಿಗೆ ಬಂದ ಬ್ಯಾಂಕಿನ ಗುಮಾಸ್ತರೊಬ್ಬರು ಮಾತ್ರ ಹಕ್ಕಿಗಳನ್ನು ಕುರಿತು ಚಿಂತಿಸಿದರು. “ಆ ಬಯಲುಸೀಮೆಯಲ್ಲಿ ಕಾಗೆಯಲ್ಲದೆ ಇನ್ನೇನು ಸಿಕ್ಕೀತು?” ಎಂದು ಮಡದಿಯ ಮುಂದೆ ಹಲುಬಿದರು. “ಸದ್ಯ, ಇನ್ನು ಮೇಲಾದರೂ ಭಾನುವಾರ ಮನೆಯಲ್ಲಿರುತ್ತೀರಿ” ಎಂದು ಆಕೆ ಸಮಾಧಾನ ತಂದುಕೊಂಡರು.

ಈ ಹುಚ್ಚು ಅವರಿಗೆ ತಂದೆಯಿಂದ ಬಂದ ಆಸ್ತಿ. ನೇತ್ರಾವತಿ, ಗುರುಪುರ ನದಿಗಳು ಕಡಲನ್ನು ಕೂಡುವ ಅಳಿವೆಯ ದಂಡೆಯಲ್ಲಿ ತಂದೆಮಕ್ಕಳಿಬ್ಬರೂ ಒಂದೇ ದುರ್ಬೀನನ್ನು ಸರದಿಯ ಮೇಲೆ ಹಿಡಿದು ಕಳೆದ ಬೆಳಗುಗಳಿಗೆ ಲೆಕ್ಕವಿಲ್ಲ. ಟಿಬೆಟ್ಟಿನಂಥ ಎತ್ತರದ ನಾಡಿನ ಸರೋವರಗಳಲ್ಲಿ ಮರಿಮಾಡುವ ಕಂದುತಲೆಯ ಕಡಲಕ್ಕಿಗಳು ಚಳಿಗಾಲಕ್ಕೆ ನಮ್ಮ ಕರಾವಳಿಗೆ ಬಂದಾಗ ಹೆಸರಿಗೆ ಸಲ್ಲದಂತೆ ಬೆಳ್ಳನೆಯ ತಲೆ ಹೊತ್ತಿರುತ್ತವೆ. ಫಾಲ್ಗುಣ ಸಮೀಪಿಸಿದಂತೆ ಆ ಬಿಳುಪಿನ ಮೇಲೆ ಕಾಫಿಯ ಬಣ್ಣ ಏರತೊಡಗುತ್ತದೆ. “ಟೊಪ್ಪಿ ಹಾಕಿಕೊಂಡವೆಂದರೆ ಪ್ರಯಾಣ ಹತ್ತಿರವಾಯಿತು” ಎಂಬುದು ತಂದೆಯವರ ಪಂಚಾಂಗ. ಮೊಣಕಾಲಿನ ನೋವು ಬಲಿತು ಅವರು ಅಳಿವೆಯವರೆಗೆ ಹೋಗುವುದು ನಿಂತಿತ್ತು. ಹೀಗಾಗಿ ಪ್ರತಿ ಭಾನುವಾರ ಸಂಜೆ ದೂರವಾಣಿಯಲ್ಲಿ ಒಂದೇ ಪ್ರಶ್ನೆ: “ಈ ವಾರ ಏನೇನು ಕಂಡೆ?” ಮಗನ ಕಣ್ಣೇ ಅವರ ದುರ್ಬೀನು, ಅದನ್ನು ಬರಿದಾಗಿಡುವಂತಿರಲಿಲ್ಲ.

ಉತ್ತರ ದೊರೆತದ್ದು ಮಾರಿಕಣಿವೆಯಲ್ಲಿ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ತೊಡಗಿ 1907ರಲ್ಲಿ ಮುಗಿಸಿದ ಕಲ್ಲಿನ ಕಟ್ಟೆ ಅದು. ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದನ್ನು ಹೊತ್ತು ವಾಣಿವಿಲಾಸ ಸಾಗರವೆನಿಸಿದರೂ ಜನರ ಬಾಯಲ್ಲಿ ಅದು ಮಾರಿಕಣಿವೆಯೇ. 1933ರಲ್ಲಿ ಒಮ್ಮೆ ತುಂಬಿದ್ದ ಸಾಗರ ಆಮೇಲೆ ತುಂಬಿರಲಿಲ್ಲ. ಗುಮಾಸ್ತರು ಬಂದದ್ದೋ ಬರಗಾಲದ ಬೆನ್ನಿಗೆ. ನೀರು ಹಿಂಜರಿದು ಉಳಿದಿದ್ದ ಕೆಸರಿನಲ್ಲಿ ಗದ್ದೆಗೊರವಗಳು ಕೊಕ್ಕು ಚುಚ್ಚುತ್ತಿದ್ದವು, ಕುಂಡೆಕುಸ್ಕಗಳು ಬಾಲ ಕುಣಿಸುತ್ತಿದ್ದವು. ಕೊರಳಿಗೆ ಕರಿಯ ಪಟ್ಟಿ ಕಟ್ಟಿಕೊಂಡ ಪುಟಾಣಿಗಳು ಓಡಿ, ನಿಂತು, ಮತ್ತೆ ಓಡುತ್ತಿದ್ದವು. ಗುಮಾಸ್ತರಿಗೆ ಅಳಿವೆಯೇ ಬೆಟ್ಟ ಹತ್ತಿ ಬಂದಂತಾಯಿತು.

ಆ ದಡದಲ್ಲಿ ಆಡು ಮೇಯಿಸುವ ಮುದುಕರೊಬ್ಬರ ಪರಿಚಯವಾಯಿತು. ಕೊಳವೆಬಾವಿ ಬತ್ತಿ ಅವರ ತೋಟದ ತೆಂಗಿನ ಮರಗಳು ಸುಳಿ ಒಣಗಿ ನಿಂತಿದ್ದವು. ದುರ್ಬೀನಿನಲ್ಲಿ ಒಮ್ಮೆ ಇಣುಕಿ ನೋಡಿ ಅವರು ನಕ್ಕರು. “ನಿಮ್ಮ ಹಕ್ಕಿಗೆ ಕೆಸರು ಬೇಕು, ನನ್ನ ತೆಂಗಿಗೆ ನೀರು ಬೇಕು. ದ್ಯಾವ್ರು ಯಾರ ಮಾತು ಕೇಳ್ತಾನೋ, ಸ್ವಾಮಿ!”

ದೇವರು ಮುದುಕರ ಮಾತು ಕೇಳಿದ. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ, ಸಾಗರ ತನ್ನ 130 ಅಡಿಯ ಮಟ್ಟವನ್ನು ಮುಟ್ಟಿ ಕೋಡಿ ಹರಿಯಿತು. ತಾತಂದಿರ ಬಾಯಲ್ಲಿ ಕೇಳಿದ್ದನ್ನು ಕಣ್ಣಾರೆ ಕಾಣಲು ಜನ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಬಂದರು.

ಮರುವರ್ಷದ ಮಾಘ ಮುಗಿಯುವಾಗ ಗುಮಾಸ್ತರು ಎಂದಿನಂತೆ ದಡಕ್ಕೆ ಹೋದರು. ದಡವೇ ಇರಲಿಲ್ಲ, ಗುಡ್ಡದ ಕಲ್ಲಿಗೆ ನೀರು ಅಂಟಿಕೊಂಡಿತ್ತು. ಕೆಸರಿಲ್ಲ, ಗೊರವವಿಲ್ಲ. ಅವರ ಮನಸ್ಸಿನಲ್ಲಿ ಒಂದು ಮಾತು ಮೂಡಿತು: ‘ಈ ನೀರು ಇಷ್ಟು ತುಂಬಬಾರದಾಗಿತ್ತು.’ ಅದೇ ಹೊತ್ತಿಗೆ ಮುದುಕರು ಎರಡು ಎಳನೀರು ಹಿಡಿದು ಬಂದರು. ಉಳಿದ ಮರಗಳು ಚಿಗುರಿ ಕಾಯಿ ಹಿಡಿದಿದ್ದವು. ಎಳನೀರಿನ ಸಿಹಿ ಗುಮಾಸ್ತರ ಗಂಟಲಿನಲ್ಲಿ ಸುಲಭವಾಗಿ ಇಳಿಯಲಿಲ್ಲ.

“ಹಕ್ಕಿ ಎಲ್ಲಿ ಹೋದಾವು, ಸ್ವಾಮಿ? ಹೊಸದುರ್ಗದ ಕಡೆ ಹಿನ್ನೀರಿಗೆ ಹೋಗಿ ನೋಡಿ” ಎಂದರು ಮುದುಕರು.

ಮುಂದಿನ ಭಾನುವಾರ ಅವರು ಅತ್ತ ಹೋದರು. ಅಲ್ಲಿ ನೆಲ ಸಮತಟ್ಟು; ನೀರು ತೆಳ್ಳಗೆ ಹರಡಿತ್ತು. ಹೂಬಿಟ್ಟ ಮುತ್ತುಗದ ಮರದ ನೆರಳಿನಲ್ಲಿ ಕುಳಿತು ದುರ್ಬೀನು ಹಿಡಿದರೆ ಅಗೋ, ಗದ್ದೆಗೊರವಗಳು! ಹನ್ನೆರಡರವರೆಗೆ ಎಣಿಸಿದರು. ಹದಿಮೂರನೆಯದು ನಿಂತದ್ದು ನೀರಿನಿಂದ ಗೇಣುದ್ದ ಮೇಲೆದ್ದ ಮಣ್ಣಿನ ಗೆರೆಯ ಮೇಲೆ. ಅದು ಹೊಲದ ಬದು. ಸ್ವಲ್ಪ ಆಚೆ ಪಂಪುಸೆಟ್ಟಿನ ಮನೆಯ ಮಾಡು ಮಾತ್ರ ಕಾಣುತ್ತಿತ್ತು. ಗುಮಾಸ್ತರು ಎಣಿಕೆ ನಿಲ್ಲಿಸಿದರು.

ಸಂಜೆ ತಂದೆ ಕೇಳಿದರು: “ಹೋದುವೇನು?”

“ಇಲ್ಲ ಅಪ್ಪ, ನೀರಿನ ಅಂಚು ಸರಿದಿದೆ, ಅವೂ ಸರಿದಿವೆ. ಆದರೆ ನಿಂತಿರುವುದು ಯಾರದೋ ಹೊಲದಲ್ಲಿ.”

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಹೊಲವನ್ನೂ ಬರೆದಿಡು” ಎಂದರು.

ಅಂದಿನಿಂದ ಗುಮಾಸ್ತರ ಟಿಪ್ಪಣಿಯ ಪುಸ್ತಕದಲ್ಲಿ ಹಕ್ಕಿಯ ಹೆಸರಿನ ಎದುರಿಗೆ ಸಾಗರದ ನೀರಿನ ಮಟ್ಟವನ್ನೂ ಗುರುತಿಸುವ ವಾಡಿಕೆ ಬಂದಿದೆ. 2025ರ ಜನವರಿಯಲ್ಲಿ ಸಾಗರ ಮೂರನೆಯ ಸಲ ತುಂಬಿದ ವಾರದ ಪುಟದಲ್ಲಿ ಹಕ್ಕಿಯ ಹೆಸರು ಒಂದೂ ಇಲ್ಲ. ‘130 ಅಡಿ. ಮುದುಕರ ತೋಟ ಹಸುರು. ಹೊಸದುರ್ಗದ ಬದು ಮುಳುಗಿದೆ’ ಎಂದಷ್ಟೇ ಇದೆ.